ನೀರಿನ ಪರೀಕ್ಷೆ: ದಕಾರ್ಗಲದಿಂದ ಗಾಜಿನ ಕೊಳದವರೆಗೆ

೧

ಬಾನಿನಿಂದ ಇಳಿಯುವ ನೀರಿಗೆ ಬಣ್ಣವೂ ಒಂದೇ, ರುಚಿಯೂ ಒಂದೇ; ಅದು ನೆಲವನ್ನು ಸೇರಿದ ಬಳಿಕ ನೆಲದ ಭೇದದಿಂದ ನಾನಾ ರುಚಿಗಳನ್ನೂ ನಾನಾ ಬಣ್ಣಗಳನ್ನೂ ಪಡೆಯುವುದು; ಆದುದರಿಂದ ನೀರನ್ನು ಪರೀಕ್ಷಿಸುವವನು ಅದನ್ನು ನೆಲದೊಡನೆ ಹೋಲಿಸಿಯೇ ಪರೀಕ್ಷಿಸತಕ್ಕದ್ದು. ಈ ಅಭಿಪ್ರಾಯವು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ, ದಕಾರ್ಗಲವೆಂಬ ಅಧ್ಯಾಯದ ಆದಿಭಾಗದಲ್ಲಿ ಬಂದಿದೆ. ಅಂತರ್ಜಲವನ್ನು ಗುರುತಿಸುವ ವಿದ್ಯೆಯನ್ನು ಹೇಳುವ ಅಧ್ಯಾಯವಿದು.

ಗಾಜಿನ ತೊಟ್ಟಿಯಲ್ಲಿ ಮರಳು ಹಾಸಿ, ನೀರು ತುಂಬಿ, ಜಲಸಸ್ಯಗಳನ್ನು ನೆಟ್ಟು, ಮೀನುಗಳನ್ನು ಬಿಟ್ಟು ಸಾಕುವ ಪದ್ಧತಿಯು ಈಗ ನಮ್ಮ ಊರುಗಳಲ್ಲಿಯೂ ಹರಡಿದೆ. ಅಕ್ವೇರಿಯಂ ಎಂಬ ಹೆಸರಿನಿಂದ ಎಲ್ಲರೂ ಅರಿತಿರುವ ಈ ಗಾಜಿನ ಕೊಳವನ್ನು ಕಾಪಾಡುವವರು ನೀರಿನ ಗಡಸುತನ, ಆಮ್ಲತೆ, ಅದರಲ್ಲಿ ಕರಗಿದ ಇಂಗಾಲಾಮ್ಲ ವಾಯು, ಅಮೋನಿಯ ಮುಂತಾದವುಗಳನ್ನು ಅಳೆಯುತ್ತಾರೆ. ಈ ಜ್ಞಾನದ ಚರಿತ್ರೆಯನ್ನು ಕುರಿತು ಎರಡು ಬಗೆಯ ಮಾತು ಕೇಳಿಬರುವುದುಂಟು. ಇದೆಲ್ಲವೂ ಪಾಶ್ಚಾತ್ಯರಿಂದಲೇ ಬಂದುದು, ನಮ್ಮಲ್ಲಿ ನೀರಿನ ವಿಚಾರವೆಂದರೆ ಮಡಿಯ ವಿಚಾರ ಮಾತ್ರವೆಂದು ಒಂದು ಪಕ್ಷ; ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇದ್ದಿತೆಂದು ಇನ್ನೊಂದು ಪಕ್ಷ. ಇವೆರಡೂ ಗ್ರಂಥವನ್ನು ನೆಲದ ಮೇಲಿಟ್ಟು ಓದದೆ ಆಡಿದ ಮಾತುಗಳೆಂಬುದು ನಮ್ಮ ಅಭಿಪ್ರಾಯ. ಬೆಳಗಾವಿ ಜಿಲ್ಲೆಯ ಯರಗಟ್ಟಿ ಸೀಮೆಯ ನೆಲವನ್ನು ನಿದರ್ಶನವಾಗಿಟ್ಟುಕೊಂಡು ಅದನ್ನು ಸ್ಥಾಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಯರಗಟ್ಟಿಯು ಮಲಪ್ರಭಾ ಮತ್ತು ಘಟಪ್ರಭಾ ನದಿಗಳ ನಡುವಣ ಸೀಮೆಯಲ್ಲಿದೆ. ಮೊದಲು ಸವದತ್ತಿ ತಾಲೂಕಿಗೆ ಸೇರಿದ್ದುದು. ಸವದತ್ತಿಯೆಂದರೆ ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿ. ರಟ್ಟರ ಶಾಸನಗಳನ್ನು ಫ್ಲೀಟ್ ಮಹಾಶಯರು ಪ್ರಕಟಿಸಿದುದು ಚರಿತ್ರಾಭ್ಯಾಸಿಗಳಿಗೆ ವಿದಿತವೇ ಇದೆ. ಆದರೆ ಇಲ್ಲಿ ನಮಗೆ ಬೇಕಾದುದು ಈ ಸೀಮೆಯ ಕಲ್ಲುಮಣ್ಣಿನ ಚರಿತ್ರೆ. ಅದನ್ನು ಮೊದಲು ಕ್ರಮವಾಗಿ ವಿವರಿಸಿದವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತ ಅವರ ಗ್ರಂಥವು ೧೮೭೬ರಲ್ಲಿ ಭಾರತೀಯ ಭೂವಿಜ್ಞಾನ ಸಮೀಕ್ಷೆಯ ಪ್ರಕಟಣೆಯಾಗಿ ಹೊರಬಂದಿತು.

ಈ ಸೀಮೆಯಲ್ಲಿಯೂ ಇದರ ನೆರೆಯಲ್ಲಿಯೂ ಮೂರು ಬಗೆಯ ನೆಲವು ಒಂದನ್ನೊಂದು ತಾಗಿಕೊಂಡಿವೆ. ಸವದತ್ತಿ, ರಾಮದುರ್ಗಗಳ ಗುಡ್ಡಗಳು ಬೆಣಚುಕಲ್ಲಿನವು. ಮರಳು ಅದುಮಲ್ಪಟ್ಟು ಗಟ್ಟಿಯಾದ ಈ ಕಲ್ಲು ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ನವಿಲುತೀರ್ಥದಲ್ಲಿ ಮಲಪ್ರಭೆಯು ಈ ಗುಡ್ಡಸಾಲನ್ನೇ ಸೀಳಿಕೊಂಡು ಹರಿದಿದೆ. ಅಲ್ಲಿಯೇ ಈಗ ರೇಣುಕಾಸಾಗರದ ಅಣೆಕಟ್ಟು ನಿಂತಿದೆ. ಎರಡನೆಯದು ಯಾದವಾಡ, ಲೋಕಾಪುರಗಳ ಕಡೆಗೆ ಹಬ್ಬಿರುವ ಸುಣ್ಣದಕಲ್ಲಿನ ಪಟ್ಟೆ; ಬೆಣಚಿನಂತೆ ಇದೂ ಭೂವಿಜ್ಞಾನಿಗಳು ಕಲಾದಗಿಯ ಶ್ರೇಣಿಯೆಂದು ಹೆಸರಿಟ್ಟ ಶಿಲಾಸಮೂಹಕ್ಕೆ ಸೇರಿದುದು. ಮೂರನೆಯದು ಉತ್ತರದ ಕಡೆಯಿಂದ ಬಂದ ಕರಿಕಲ್ಲು ಮತ್ತು ಅದು ಸವೆದು ಹುಟ್ಟಿದ ಎರೆಯ ಭೂಮಿ.

ಮೂರು ನೆಲಗಳಾದ ಮೇಲೆ ನೀರೂ ಒಂದೇ ಆಗಿರಲಾರದು. ಖಾನಾಪುರದ ಕಡೆ ಕಣಕುಂಬಿಯಲ್ಲಿ ಹುಟ್ಟಿ ಮಳೆನಾಡಿನ ತೊಳೆದ ನೆಲದ ಮೇಲೆ ಹರಿದುಬರುವ ಮಲಪ್ರಭೆಯ ನೀರು ಸ್ವಭಾವತಃ ಮೆದುವಾದುದು. ಸುಣ್ಣದಕಲ್ಲಿನಲ್ಲಿ ತೋಡಿದ ಬಾವಿಯ ನೀರು ಗಡಸು. ಎರೆಯ ನೆಲದ ಬಾವಿಯ ನೀರು ಅನೇಕ ಕಡೆ ಸವುಳು. ಒಬ್ಬನೇ ಮನುಷ್ಯನು ಒಂದು ದಿನದ ದಾರಿಯಲ್ಲಿ ಈ ಮೂರು ನೀರುಗಳನ್ನೂ ಕುಡಿಯಬಲ್ಲ ಸೀಮೆಯಾದುದರಿಂದ, ನೆಲದೊಡನೆ ಹೋಲಿಸಿ ನೀರನ್ನು ಅರಿಯಬೇಕೆಂಬ ವರಾಹಮಿಹಿರನ ಮಾತನ್ನು ಪರೀಕ್ಷಿಸುವುದಕ್ಕೆ ಇದು ತಕ್ಕ ಸ್ಥಳವಾಗಿದೆ.

೩

ನಮ್ಮ ಪ್ರಾಚೀನ ಗ್ರಂಥಗಳಲ್ಲಿ ನೀರಿನ ವಿಚಾರವು ಮೂರು ಮುಖವಾಗಿ ಬಂದಿದೆ: ನೀರಿರುವ ಎಡೆಯನ್ನು ಕಾಣುವುದು, ನೀರಿನ ಗುಣವನ್ನು ತಿಳಿಯುವುದು, ಕೆಟ್ಟ ನೀರನ್ನು ಸರಿಪಡಿಸುವುದು.

ಮೊದಲನೆಯದರಲ್ಲಿ ಗಿಡಮರಗಳೂ ಹುತ್ತಗಳೂ ಕುರುಹುಗಳಾಗಿರುವುವು. ನೇರಿಳೆಯ ಮರದ ಮೂಡಣದಲ್ಲಿ ಸಮೀಪವಾಗಿ ಹುತ್ತವಿದ್ದರೆ ತೆಂಕಣ ಪಕ್ಕದಲ್ಲಿ ಎರಡು ಆಳುದ್ದದ ಆಳದಲ್ಲಿ ಸಿಹಿನೀರು ಸಿಕ್ಕುವುದೆಂದೂ, ಅಗೆಯುವಾಗ ಮೀನೂ ಪಾರಿವಾಳದ ಬಣ್ಣದ ಕಲ್ಲೂ ಕಪ್ಪು ಮಣ್ಣೂ ಕಾಣುವುವೆಂದೂ ದಕಾರ್ಗಲವು ಹೇಳುವುದು. ಇದರ ವಿವರಗಳೆಲ್ಲವನ್ನೂ ಇಂದು ನಂಬಬೇಕಾಗಿಲ್ಲ. ಆದರೆ ಬೆಳೆದ ಗಿಡವನ್ನು ನೋಡಿ ಕಾಣದ ನೀರನ್ನು ಊಹಿಸುವ ದೃಷ್ಟಿಯು ಗಮನಾರ್ಹವಾದುದು. ಕನ್ನಡದಲ್ಲಿ ಈ ವಿದ್ಯೆಯು ಹನ್ನೊಂದನೆಯ ಶತಮಾನದಲ್ಲಿಯೇ ಬಂದಿತು. ಕಲ್ಯಾಣದ ಚಾಳುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, ೧೦೨೫ರ ಸುಮಾರಿನಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಜಲಶೋಧನೆಯೂ ಒಂದು ವಿಷಯವಾಗಿದೆ. ಆ ಕಾಲದಲ್ಲಿ ಸುಗಂಧವರ್ತಿಯ ರಟ್ಟರು ಅದೇ ಚಾಳುಕ್ಯರ ಸಾಮಂತರಾಗಿದ್ದರೆಂಬುದನ್ನು ನೆನೆದರೆ, ಈ ಗ್ರಂಥವನ್ನು ಓದಬಲ್ಲವರು ನಮ್ಮ ಸೀಮೆಯಲ್ಲಿಯೂ ಇದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಎರಡನೆಯದರಲ್ಲಿ ವರಾಹಮಿಹಿರನು ಮಣ್ಣಿನ ಬಣ್ಣಕ್ಕೂ ನೀರಿನ ರುಚಿಗೂ ನೇರವಾದ ಸಂಬಂಧವನ್ನು ಹೇಳುತ್ತಾನೆ: ಹರಳುಗಲ್ಲು ಬೆರೆತ ತಾಮ್ರವರ್ಣದ ನೆಲದಲ್ಲಿ ನೀರು ಒಗರು, ಕಪಿಲವರ್ಣದ ನೆಲದಲ್ಲಿ ಕ್ಷಾರ, ಬಿಳುಪೇರಿದ ನೆಲದಲ್ಲಿ ಉಪ್ಪು, ನೀಲವರ್ಣದ ನೆಲದಲ್ಲಿ ಸಿಹಿ.

ಮೂರನೆಯದು ಶುದ್ಧೀಕರಣ. ಕಲಕಿದ, ಕಾರವಾದ, ಉಪ್ಪಾದ, ರುಚಿಗೆಟ್ಟ, ದುರ್ಗಂಧದ ಬಾವಿಯ ನೀರಿಗೆ ಅಂಜನ, ಕೊನ್ನಾರಿ, ಲಾವಂಚ, ನೆಲ್ಲಿ, ಚಿಲ್ಲದ ಬೀಜ ಮೊದಲಾದವುಗಳ ಚೂರ್ಣವನ್ನು ಹಾಕಬೇಕೆಂದು ದಕಾರ್ಗಲವು ವಿಧಿಸುವುದು. ‘ಸುಶ್ರುತಸಂಹಿತೆ’ಯು ಕಲಕಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಎಣಿಸುವುದು: ಚಿಲ್ಲದ ಬೀಜ, ಗೋಮೇದಕ, ತಾವರೆಯ ಗೆಡ್ಡೆ, ಶೈವಾಲದ ಬೇರು, ಬಟ್ಟೆ, ಮುತ್ತು, ಮಣಿ. ಇವುಗಳಲ್ಲಿ ಎರಡು ಜಲಸಸ್ಯಗಳಿಗೆ ಸೇರಿದವು. ಶೈವಾಲವೆಂದರೆ ಯಾವ ಸಸ್ಯವೆಂಬುದರಲ್ಲಿ ವಿದ್ವಾಂಸರಿಗೆ ಮತಭೇದವಿದ್ದರೂ, ನೀರಿನಲ್ಲಿ ಬೆಳೆಯುವ ಸಸ್ಯಕ್ಕೂ ನೀರಿನ ತಿಳಿತನಕ್ಕೂ ಸಂಬಂಧವಿದೆಯೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಈ ಔಷಧಗಳು ಮಾಡುವ ಕೆಲಸದ ಮಿತಿಯನ್ನು ಮಾತ್ರ ಮರೆಯಲಾಗದು. ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ, ನೀರಿನಲ್ಲಿ ತೇಲುತ್ತಿರುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುವುವು. ಕಣ್ಣಿಗೆ ಕಾಣುವ ಕೊಳೆ ಇದರಿಂದ ಹೋಗುವುದು. ಕರಗಿದ ಸುಣ್ಣವಾಗಲಿ ಉಪ್ಪಾಗಲಿ ಹೋಗದು. ಚಿಲ್ಲದ ಕಾಯಿಯ ಹೆಸರನ್ನು ಹೇಳಿದ ಮಾತ್ರದಿಂದಲೇ ನೀರು ತಿಳಿಯಾಗದೆಂದು ‘ಮನುಸ್ಮೃತಿ’ಯಲ್ಲಿ ಒಂದು ದೃಷ್ಟಾಂತವಿದೆ. ತಿಳಿಯಾದ ಮಾತ್ರದಿಂದಲೇ ನೀರು ಬದಲಾಯಿತೆಂದು ತಿಳಿಯಬಾರದೆಂದು ನಾವು ಅದಕ್ಕೆ ಸೇರಿಸಬಹುದು.

ಮೀನಿನ ವಿಚಾರವು ಬೇರೆ ಗ್ರಂಥದಲ್ಲಿದೆ. ಚಾಳುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದವು ಮೀನುಗಳ ಜಾತಿಗಳನ್ನೂ ಅವುಗಳಿಗೆ ಪ್ರಿಯವಾದ ಆಹಾರವನ್ನೂ ಸೂಕ್ಷ್ಮವಾಗಿ ವರ್ಣಿಸಿದೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಇದನ್ನು ವಿವೇಚಿಸಿದರು. ಅದೇ ಗ್ರಂಥದಲ್ಲಿ ಕುಡಿಯುವ ನೀರಿಗಾಗಿ ಪಾನೀಯಭೋಗವೆಂಬ ಪ್ರಕರಣವೂ ಇದೆ. ಆದರೆ ಇವೆರಡೂ ಒಂದಕ್ಕೊಂದು ಸಂಬಂಧಿಸದೆ ಬೇರೆ ಬೇರೆಯಾಗಿಯೇ ನಿಂತಿವೆ. ರಾಜನ ಮೀನು ಹೊಳೆಮಡುಗಳಲ್ಲಿದ್ದಿತು. ಹೊಳೆಯ ನೀರು ತನ್ನನ್ನು ತಾನೇ ಹೊಸದುಮಾಡಿಕೊಳ್ಳುವುದು. ಮುಚ್ಚಿದ ಪಾತ್ರೆಯಲ್ಲಿ ಮೀನನ್ನೂ ಗಿಡವನ್ನೂ ವರ್ಷಗಟ್ಟಲೆ ಬಾಳಿಸಬೇಕೆಂದಾಗಲೇ ಇವೆರಡು ವಿಚಾರಗಳೂ ಒಂದಾಗಬೇಕಾಗುವುದು. ಆ ಪ್ರಶ್ನೆಯು ನಮ್ಮಲ್ಲಿ ಹುಟ್ಟಲಿಲ್ಲ.

೪

ಅದು ಹುಟ್ಟಿದುದು ಯೂರೋಪಿನಲ್ಲಿ, ವಾಯುಗಳ ಶೋಧನೆಯಿಂದ. ಉರಿಯುವ ದೀಪದಿಂದ ಕೆಟ್ಟ ಗಾಳಿಯನ್ನು ಪುದೀನ ಗಿಡವು ಸರಿಪಡಿಸುವುದೆಂದು ಪ್ರೀಸ್ಟ್ಲಿ ೧೭೭೧ರಲ್ಲಿ ಕಂಡನು. ೧೭೭೯ರಲ್ಲಿ ಇಂಗೆನ್‌ಹೌಸನು ಎಲೆಗಳನ್ನು ನೀರಿನಲ್ಲಿ ಮುಳುಗಿಸಿ, ಬಿಸಿಲಿದ್ದಾಗ ಮಾತ್ರ ಅವುಗಳಿಂದ ಆಮ್ಲಜನಕದ ಗುಳ್ಳೆಗಳೇಳುವುದನ್ನು ತೋರಿಸಿದನು. ಇದಕ್ಕೆ ನೀರಿನಲ್ಲಿ ಕರಗಿರುವ ಇಂಗಾಲಾಮ್ಲ ವಾಯುವು ಬೇಕೆಂದು ೧೭೮೨ರಲ್ಲಿ ಸೆನೆಬಿಯೆ ಹೇಳಿದನು.

ಇವುಗಳ ಆಧಾರದಿಂದ ಲಂಡನ್ನಿನ ಔಷಧವ್ಯಾಪಾರಿಗಳ ಸಂಘದ ರಸಾಯನಜ್ಞನಾದ ರಾಬರ್ಟ್ ವಾರಿಂಗ್ಟನನು ೧೮೪೯ರಲ್ಲಿ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನಾಡದ ಎಲೆಯ ಜಲಸಸ್ಯವನ್ನೂ ಇಟ್ಟನು. ಸತ್ತ ಎಲೆಗಳು ಕೊಳೆತು ನೀರು ಕೆಡತೊಡಗಲು, ಅವುಗಳನ್ನು ತಿನ್ನುವ ಬಸವನಹುಳುಗಳನ್ನು ಸೇರಿಸಿದನು. ಮೀನು ಹೊರಬಿಡುವ ವಾಯುವು ಗಿಡಕ್ಕೆ, ಗಿಡ ಹೊರಬಿಡುವ ವಾಯುವು ಮೀನಿಗೆ ಉಪಯುಕ್ತವಾಗಿ, ಎರಡೂ ತೂಗಿ ನಿಲ್ಲುವುವೆಂದು ೧೮೫೦ರಲ್ಲಿ ರಸಾಯನ ಸಂಘದ ಮುಂದೆ ನಿರೂಪಿಸಿದನು. ಗಾಸ್ ಎಂಬವನ ‘ದಿ ಅಕ್ವೇರಿಯಂ’ ಗ್ರಂಥವು ೧೮೫೪ರಲ್ಲಿ ಪ್ರಕಟವಾಗಿ ಆ ಹೆಸರನ್ನು ಲೋಕಪ್ರಸಿದ್ಧವಾಗಿಸಿತು. ವಾರಿಂಗ್ಟನನು ನೆಟ್ಟ ವ್ಯಾಲಿಸ್ನೇರಿಯದ ಜಾತಿಯು ನಮ್ಮ ಕೆರೆಹೊಳೆಗಳಲ್ಲಿಯೂ ಬೆಳೆಯುವುದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈ ‘ಸಮತೂಕದ ಸಿದ್ಧಾಂತ’ವು ನೂರು ವರ್ಷ ಆಳಿತು. ಇದರಲ್ಲಿ ಎರಡು ಕೊರತೆಗಳಿದ್ದುವು. ನೀರಿನ ಮೇಲ್ಮೈಯಿಂದಲೇ ವಾಯುಗಳು ಒಳಹೊರಗಾಗುವುವೆಂದೂ, ಮೀನಿನ ಉಸಿರಿಗೆ ಗಿಡವೇ ಆಧಾರವೆಂಬುದು ಸರಿಯಲ್ಲವೆಂದೂ ೧೯೪೯ರಲ್ಲಿ ಜೇಮ್ಸ್ ಆಟ್ಸ್ ಎಂಬ ಅಮೆರಿಕದ ವಿದ್ವಾಂಸನು ತೋರಿಸಿದನು. ಇದು ಮೊದಲನೆಯ ಕೊರತೆ. ಎರಡನೆಯದು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು: ಆ ಸಿದ್ಧಾಂತದಲ್ಲಿ ಗಿಡ, ಪ್ರಾಣಿ, ಗಾಳಿ, ಬೆಳಕುಗಳಿದ್ದುವು, ನೆಲವಿರಲಿಲ್ಲ. ನೀರೆಂದರೆ ಎಲ್ಲೆಡೆಯೂ ಒಂದೇ ಎಂಬಂತೆ ವಿಚಾರ ನಡೆಯಿತು.

ನೀರಿನಲ್ಲಿ ಕರಗಿದ ನೆಲದ ವಿಚಾರವು ಬೇರೊಂದು ದಾರಿಯಲ್ಲಿ ಬೆಳೆದುಬಂದಿದ್ದಿತು. ಲಂಡನ್ನಿನ ಒಂದು ಬಾವಿಯ ನೀರನ್ನು ಪರೀಕ್ಷಿಸಿದ ಕ್ಯಾವೆಂಡಿಷನು, ಸುಣ್ಣವು ಇಂಗಾಲಾಮ್ಲ ವಾಯುವಿನ ಬಲದಿಂದ ನೀರಿನಲ್ಲಿ ಕರಗಿ ನಿಲ್ಲುವುದೆಂದೂ, ಕಾಯಿಸಿದರೆ ವಾಯುವು ಹೋಗಿ ಸುಣ್ಣವು ತಳಕ್ಕೆ ಬೀಳುವುದೆಂದೂ ೧೭೬೭ರಲ್ಲಿ ಪ್ರಕಟಿಸಿದನು. ಅಬರ್ಡೀನಿನ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕನು ೧೮೪೧ರಲ್ಲಿ ಗಡಸುನೀರನ್ನು ಮೆದುಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಸಾಬೂನಿನ ನೊರೆಯಿಂದ ಗಡಸುತನವನ್ನು ಅಳೆಯುವ ಕ್ರಮವೂ ಅವನದೇ. ಆಮ್ಲಕ್ಷಾರಗಳನ್ನು ಅಳೆಯುವ ಪಿ.ಹೆಚ್. ಮಾನವನ್ನು ೧೯೦೯ರಲ್ಲಿ ಸೋರೆನ್‌ಸೆನ್ ರೂಪಿಸಿದನು. ಈ ದಾರಿಯೂ ವಾರಿಂಗ್ಟನನ ದಾರಿಯೂ ಕೂಡಿದ ಮೇಲೆಯೇ ಗಾಜಿನ ಕೊಳದ ಈಗಿನ ರಸಾಯನವು ಪೂರ್ಣವಾಯಿತು.

೫

ಈ ರಸಾಯನವನ್ನು ಅರಿಯುವುದಕ್ಕೆ ಬಚ್ಚಲಮನೆಯ ಹಂಡೆಗಿಂತ ಒಳ್ಳೆಯ ನಿದರ್ಶನವಿಲ್ಲ. ಗಡಸುನೀರನ್ನು ದಿನವೂ ಕಾಯಿಸಿದ ಹಂಡೆಯ ಒಳಮೈಯಲ್ಲಿ ಬಿಳಿಯ ಪೊರೆ ಕಟ್ಟುವುದು. ಬೆಂಕಿಯು ಇಂಗಾಲಾಮ್ಲ ವಾಯುವನ್ನು ಓಡಿಸಿತು. ಅದರ ಆಸರೆ ತಪ್ಪಿದ ಸುಣ್ಣವು ಪೊರೆಯಾಯಿತು. ಗಾಜಿನ ಕೊಳದ ಗಿಡವು ಹಗಲಿನಲ್ಲಿ ಬೆಳಕಿನ ಬಲದಿಂದ ಇದೇ ಕೆಲಸವನ್ನು ಮಾಡುವುದು. ಕರಗಿರುವ ವಾಯುವನ್ನು ಹೀರಿ ಮುಗಿಸಿದ ಮೇಲೆ, ವ್ಯಾಲಿಸ್ನೇರಿಯ, ಹೈಡ್ರಿಲ್ಲ ಮುಂತಾದ ಸಸ್ಯಗಳು ಸುಣ್ಣದೊಡನೆ ಕೂಡಿಕೊಂಡಿರುವ ಅಂಶವನ್ನೂ ಕಸಿದುಕೊಳ್ಳುವುವು; ಆಗ ಎಲೆಯ ಮೇಲೆಯೇ ಸುಣ್ಣದ ಪೊರೆ ಕೂರುವುದು. ಕೆರೆಗಳಲ್ಲಿ ಬೆಳೆಯುವ ಕ್ಯಾರಾ ಎಂಬ ಪಾಚಿಯು ಒಣಗಿದಾಗ ಕೈಯಲ್ಲಿ ಸುಣ್ಣದಂತೆ ಪುಡಿಯಾಗುವುದು ಇದರಿಂದಲೇ. ಈ ಶಕ್ತಿಯಿಲ್ಲದ ಸಸ್ಯಗಳೂ ಇವೆ. ನೀರಿನ ಹಾವಸೆಗಳು ಅಂಥವು. ಅವು ಕರಗಿದ ವಾಯುವನ್ನೇ ನೆಚ್ಚಿರುವುದರಿಂದ, ಗಡಸುನೀರಿನಲ್ಲಿ ಬಲಿಷ್ಠ ಸಸ್ಯಗಳ ನೆರೆಯಲ್ಲಿ ಹಸಿದು ಸೊರಗುವುವು.

ಲೆಕ್ಕವನ್ನು ಹೀಗೆ ತೋರಿಸಬಹುದು. ಒಂದು ಲೀಟರು ನೀರಿನಲ್ಲಿ ೧೦ ಮಿಲಿಗ್ರಾಂ ಸುಟ್ಟ ಸುಣ್ಣಕ್ಕೆ ಸಮನಾದ ಗಡಸುತನವನ್ನು ಒಂದು ಜರ್ಮನ್ ಡಿಗ್ರಿಯೆನ್ನುವರು. ಇಂಗಾಲಾಮ್ಲಕ್ಕೆ ಸಂಬಂಧಿಸಿದ ಗಡಸುತನವು ೪ ಡಿಗ್ರಿಯೂ ಪಿ.ಹೆಚ್. ೭ ಆಗಿದ್ದರೆ, ಲೀಟರಿಗೆ ಸುಮಾರು ೧೨ ಮಿಲಿಗ್ರಾಂ ಇಂಗಾಲಾಮ್ಲ ವಾಯುವು ಕರಗಿರುವುದು. ಅದೇ ೪ ಡಿಗ್ರಿಯಲ್ಲಿ ಪಿ.ಹೆಚ್. ೮ಕ್ಕೇರಿದರೆ ವಾಯುವು ಹತ್ತರಲ್ಲಿ ಒಂದು ಪಾಲಿಗಿಳಿಯುವುದು. ಮೀನಿನ ಮಲದಿಂದ ಹುಟ್ಟುವ ಅಮೋನಿಯದ ಸ್ಥಿತಿಯೂ ಹೀಗೆಯೇ. ೨೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ಪಿ.ಹೆಚ್. ೭ ಆಗಿದ್ದರೆ ಅದರಲ್ಲಿ ವಿಷರೂಪದಲ್ಲಿರುವುದು ನೂರರಲ್ಲಿ ಅರೆಪಾಲಿಗಿಂತ ಸ್ವಲ್ಪ ಹೆಚ್ಚು. ೮ ಆದರೆ ಸುಮಾರು ೫ ಪಾಲು. ೯ ಆದರೆ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಮರಳಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿಯೂ ನೈಟ್ರೇಟಾಗಿಯೂ ಮಾರ್ಪಡಿಸುವುವು. ಗಿಡಗಳೂ ಅದನ್ನು ಹೀರುವುವು. ಆದರೆ ಆ ಕೆಲಸವು ನೆಲೆಗೊಳ್ಳಲು ವಾರಗಳು ಬೇಕು. ಆದುದರಿಂದ ಹೊಸ ಕೊಳಕ್ಕೆ ಒಂದೇ ದಿನ ಮೀನುಗಳನ್ನು ತುಂಬುವುದು ಎಲ್ಲಿಯೂ ಅಪಾಯ. ಸುಣ್ಣದ ನೆಲದ ನೀರಿನಲ್ಲಿ ಇನ್ನೂ ಅಪಾಯ.

ಇನ್ನು ಕೊಳದ ತಳಹಾಸು. ಸವದತ್ತಿಯ ಬೆಣಚಿನ ಮರಳನ್ನು ಹಾಸಿದರೆ ನೀರು ಇದ್ದಂತೆಯೇ ಇರುವುದು. ಸುಣ್ಣದಕಲ್ಲಿನ ಹರಳನ್ನು ಹಾಸಿದರೆ ಮೆದುನೀರೂ ತಿಂಗಳೊಳಗೆ ಗಡಸಾಗುವುದು. ಕಲ್ಲಿನ ಮೇಲೆ ನಿಂಬೆಯ ರಸವನ್ನು ಹಿಂಡಿದಾಗ ನೊರೆಯೆದ್ದರೆ ಸುಣ್ಣದಕಲ್ಲೆಂದೂ ಏಳದಿದ್ದರೆ ಬೆಣಚೆಂದೂ ಯಾರಾದರೂ ತಿಳಿಯಬಹುದು. ೧೬ ಡಿಗ್ರಿಯ ಬಾವಿನೀರು ಒಂದು ಪಾಲಿಗೆ ಮಳೆನೀರು ಮೂರು ಪಾಲು ಬೆರೆಸಿದರೆ ೪ ಡಿಗ್ರಿಯ ನೀರಾಗುವುದು. ಬೇರಾವ ಔಷಧವೂ ಬೇಕಿಲ್ಲ. ನೀರು ಬಾನಿನಲ್ಲಿ ಒಂದೇ, ನೆಲದಲ್ಲಿ ಅನೇಕವೆಂಬ ದಕಾರ್ಗಲದ ತತ್ತ್ವವು ಗಾಜಿನ ಕೊಳದೊಳಗೂ ಹೀಗೆ ಅಕ್ಷರಶಃ ಸತ್ಯವಾಗಿರುವುದು.

೬

ತತ್ತ್ವವು ಸತ್ಯವೆಂದಮಾತ್ರಕ್ಕೆ ವರಾಹಮಿಹಿರನ ಪಟ್ಟಿಯೂ ಸತ್ಯವಾಗಬೇಕಾಗಿಲ್ಲ. ನೀಲವರ್ಣದ, ಎಂದರೆ ಕಪ್ಪಾದ, ನೆಲದ ನೀರು ಸಿಹಿಯೆಂದು ಅವನು ಹೇಳಿದನಷ್ಟೆ? ನಮ್ಮ ಎರೆಯ ಸೀಮೆಯ ಅನುಭವವು ಇದಕ್ಕೆ ವಿರುದ್ಧವಾಗಿದೆ. ಧಾರವಾಡ ಜಿಲ್ಲೆಯ ಮೂಡಣ ಎರೆಯ ನಾಡಿನಲ್ಲಿ ಬಾವಿಗಳು ಸವುಳಾದುದರಿಂದಲೇ ಜನರು ಕುಡಿಯುವ ನೀರಿಗೆ ಕೆರೆಗಳನ್ನು ಕಟ್ಟಿಕೊಂಡು ಕಾಪಾಡಿದರು. ನವಲಗುಂದದ ನೀಲಮ್ಮನ ಕೆರೆಯು ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. ಮಳೆ ಕಡಮೆಯಾದ ಎಡೆಯಲ್ಲಿ, ನೀರನ್ನು ಬೇಗ ಇಂಗಗೊಡದ ಎರೆಮಣ್ಣಿನಲ್ಲಿ ಲವಣಗಳು ತೊಳೆದುಹೋಗದೆ ಕೂಡಿಕೊಳ್ಳುವುದೇ ಇದರ ಕಾರಣ. ವರಾಹಮಿಹಿರನು ಅವಂತಿಯವನು, ಅವನ ಪಟ್ಟಿಯು ಬೇರೆ ನೆಲಗಳ ಅನುಭವದ ಸಂಗ್ರಹವೆಂದು ತೋರುವುದು. ಆ ಪಟ್ಟಿಯನ್ನು ಕಂಠಪಾಠಮಾಡಿ ಯರಗಟ್ಟಿಗೆ ತಂದವನು ಮೋಸಹೋಗುವನು. ನೆಲವನ್ನು ನೋಡಿ ನೀರನ್ನು ತಿಳಿಯೆಂಬ ಅವನ ಉಪದೇಶವನ್ನು ತಂದವನು ಮೋಸಹೋಗನು. ಶಾಸ್ತ್ರಗ್ರಂಥಗಳನ್ನು ಓದುವಾಗ ವಿಧಾನವನ್ನೂ ಫಲಿತವನ್ನೂ ಬೇರ್ಪಡಿಸಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

ಗ್ರಂಥಗಳಲ್ಲಿ ಬಾರದ ಇನ್ನೊಂದು ಸಾಕ್ಷ್ಯವು ಜನರ ಮಾತಿನಲ್ಲಿದೆ. ಸವುಳೆಂಬ ಪದವನ್ನು ನಾವು ನೆಲಕ್ಕೂ ಹೇಳುವೆವು, ನೀರಿಗೂ ಹೇಳುವೆವು: ಸವುಳು ಭೂಮಿ, ಸವುಳು ನೀರು. ನೆಲನೀರುಗಳ ಸಾಮ್ಯವು ಒಂದೇ ಪದದಲ್ಲಿ ಅಡಗಿದೆ. ಅಗಸರು ಬಟ್ಟೆ ಒಗೆಯಲು ಸವುಳು ಮಣ್ಣನ್ನು ಬಳಸುತ್ತಿದ್ದರೆಂಬುದರಿಂದ ಅದರ ಕ್ಷಾರಗುಣವೂ ಅರಿಯದ ವಿಷಯವಾಗಿರಲಿಲ್ಲ. ಗಡಸುನೀರೆಂಬುದು ಇದರಿಂದ ಬೇರೆ. ಅದರ ಪರೀಕ್ಷೆ ನಾಲಗೆಯದಲ್ಲ, ಒಲೆಯದು: ಆ ನೀರಿನಲ್ಲಿ ಬೇಳೆ ಬೇಯದು. ಕರಗಿದ ಸುಣ್ಣದ ಅಂಶವು ಬೇಳೆಯ ಕೋಶಗಳನ್ನು ಬೆಸೆದಿರುವ ಅಂಟುವಸ್ತುವನ್ನು ಗಟ್ಟಿಮಾಡುವುದೇ ಅದಕ್ಕೆ ಕಾರಣವೆಂದು ಈಗ ತಿಳಿದಿದೆ. ರಸಾಯನಜ್ಞನು ಲವಣತೆ, ಗಡಸುತನಗಳೆಂದು ಬೇರ್ಪಡಿಸುವ ಎರಡು ಗುಣಗಳನ್ನು ಅಡುಗೆಮನೆಯು ಬೇರ್ಪಡಿಸಿಯೇ ಇದ್ದಿತು. ಚಿತ್ರದುರ್ಗದ ಕೋಟೆಯ ಸಿಹಿನೀರು ಹೊಂಡದಂತೆ ಸ್ಥಳನಾಮಗಳೂ ಈ ವಿವೇಚನೆಯನ್ನು ಉಳಿಸಿಕೊಂಡಿವೆ.

ಹೀಗೆ ವಿಚಾರಿಸಲಾಗಿ ಈ ಕೆಲವು ಅಂಶಗಳು ಸಿದ್ಧವಾಗುವುವು. ನೆಲದಿಂದ ನೀರನ್ನೂ ಗಿಡದಿಂದ ನೀರಿನ ಗುಣವನ್ನೂ ಊಹಿಸುವ ಶಾಸ್ತ್ರವು ನಮ್ಮಲ್ಲಿದ್ದಿತು. ಮುಚ್ಚಿದ ನೀರಿನಲ್ಲಿ ಗಿಡಮೀನುಗಳ ಪರಸ್ಪರ ಬಾಳನ್ನು ಕುರಿತ ಪ್ರಶ್ನೆಯೂ, ಕರಗಿದ ವಸ್ತುಗಳನ್ನು ಅಳೆಯುವ ಸಾಧನವೂ ನಮ್ಮಲ್ಲಿರಲಿಲ್ಲ. ಪಾಶ್ಚಾತ್ಯರಲ್ಲಿ ಆ ಪ್ರಶ್ನೆ ಹುಟ್ಟಿತಾದರೂ, ನೆಲವನ್ನು ಬಿಟ್ಟು ವಿಚಾರಿಸಿದುದರಿಂದ ಅದರ ಉತ್ತರವು ಬಹುಕಾಲ ಅಪೂರ್ಣವಾಗಿದ್ದಿತು. ಇಂದು ನಮಗೆ ಮಾಡಲು ಉಳಿದಿರುವ ಕೆಲಸವೂ ಒಂದಿದೆ. ನಲ್ಲಿಯ ನೀರೂ ಶುದ್ಧೀಕರಣದ ಯಂತ್ರಗಳೂ ಬಂದ ಮೇಲೆ ಊರಿನ ಯಾವ ಬಾವಿಯಲ್ಲಿ ಬೇಳೆ ಬೇಯುತ್ತಿದ್ದಿತು, ಯಾವುದರಲ್ಲಿ ಬೇಯುತ್ತಿರಲಿಲ್ಲವೆಂಬುದನ್ನು ಹೇಳಬಲ್ಲವರು ಕಡಮೆಯಾಗುತ್ತಿದ್ದಾರೆ. ಸವುಳು, ಗಡಸು, ಒಗರು, ಸಪ್ಪೆ, ಸೀನೀರು ಎಂಬ ಪದಗಳನ್ನು ನಿಘಂಟುಗಳಲ್ಲಿ ಅರ್ಥಮಾತ್ರದಿಂದ ಕಾಣಿಸಿದರೆ ಸಾಲದು; ಯಾವ ಊರಿನ ಯಾವ ನೆಲದ ನೀರಿಗೆ ಯಾವ ಪದವು ಸಲ್ಲುತ್ತಿದ್ದಿತೆಂಬುದನ್ನು ಆ ಊರುಗಳ ಹಿರಿಯ ಹೆಣ್ಣುಮಕ್ಕಳಿಂದ ಕೇಳಿ ಬರೆದಿಡಬೇಕು. ಸಾಹಿತ್ಯದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮೂಲಕ ಇದನ್ನು ಸುಲಭವಾಗಿ ನೆರವೇರಿಸಬಹುದು. ಹಾಗೆ ಸಂಗ್ರಹಿಸಿದ ಪದಪಟ್ಟಿಯನ್ನು ಫೂಟರ ಭೂಪಟದ ಮೇಲೆ ಹರಡಿ ನೋಡಿದರೆ ಭಾಷಾಶಾಸ್ತ್ರಕ್ಕೂ ಜಲಶಾಸ್ತ್ರಕ್ಕೂ ಸಮಾನವಾಗಿ ಉಪಯೋಗವಾಗುವುದೆಂಬುದರಲ್ಲಿ ಸಂದೇಹವಿಲ್ಲ.